ಹಲ್ಲಾಂಡ್‌ನಲ್ಲಿ ಸಂಖ್ಯೆ ಇಳಿದಾಗ: ಕ್ಲಮೈಡಿಯಾ ಪರೀಕ್ಷೆ ಮತ್ತು ಗರ್ಭನಾಳದ ಒಂದು ಪ್ರಕರಣ

ಸ್ವೀಡನ್ ದೇಶದ ನೈಋತ್ಯ ಕರಾವಳಿಯಲ್ಲಿ ಹಲ್ಲಾಂಡ್ ಅಂತ ಒಂದು ಪುಟ್ಟ ಪ್ರಾಂತ್ಯ ಇದೆ. 2005ರ ನವೆಂಬರ್‌ನಿಂದ 2006ರ ಆಗಸ್ಟ್‌ವರೆಗೆ ಅಲ್ಲಿ ಕ್ಲಮೈಡಿಯಾ ಎಂಬ ಲೈಂಗಿಕ ಸೋಂಕಿನ ಕೇಸುಗಳು ಶೇಕಡಾ 25ರಷ್ಟು ಇಳಿದವು. ಅದಕ್ಕೆ ಮುಂಚೆ ವರ್ಷಗಟ್ಟಲೆ ಆ ದೇಶದಲ್ಲಿ ಈ ಸಂಖ್ಯೆ ಏರುತ್ತಲೇ ಬಂದಿತ್ತು. ರೋಗ ಕಮ್ಮಿಯಾಯಿತು ಅಂದರೆ ಯಾರಿಗೆ ತಾನೇ ಖುಷಿಯಾಗುವುದಿಲ್ಲ? ಆದರೆ ಹಾಲ್ಮ್‌ಸ್ಟಾಡ್ ಊರಿನ ಲ್ಯಾಬಿನಲ್ಲಿದ್ದ ಟೊರ್ವಾಲ್ಡ್ ರಿಪಾ ಮತ್ತು ಪೀಟರ್ ನಿಲ್ಸನ್ ಅವರಿಗೆ ಆ ಇಳಿಕೆ ಸರಿ ಅನ್ನಿಸಲಿಲ್ಲ. ಸೋಂಕು ಕಮ್ಮಿಯಾಯಿತೋ, ಇಲ್ಲ ನಮ್ಮ ಕಣ್ಣಿಗೆ ಕಾಣುತ್ತಿಲ್ಲವೋ ಅಂತ ಅವರು ಹುಡುಕಲು ಕೂತರು.

ನಾನು ಪಿಸಿಆರ್ ಲ್ಯಾಬಿನಲ್ಲಿ ಕೆಲಸ ಮಾಡುವವಳು. ನಮ್ಮಲ್ಲಿ ಹೊಸದಾಗಿ ಸೇರುವ ಪ್ರತಿ ಟೆಕ್ನಿಶಿಯನ್‌ಗೂ ಮೊದಲ ವಾರದಲ್ಲೇ ಈ ಪ್ರಕರಣ ಹೇಳುತ್ತೇನೆ. ಈಗ ಇದನ್ನು ಪೂರ್ತಿಯಾಗಿ ಬರೆದಿಡಲು ಒಬ್ಬ ಹೆಣ್ಣುಮಗಳು ಕಾರಣ.

ಹೋದ ಮಳೆಗಾಲದಲ್ಲಿ ಆಕೆ ನಮ್ಮ ಕೌಂಟರ್‌ಗೆ ಬಂದರು. ಮದುವೆಯಾಗಿ ಆರು ವರ್ಷ, ಮಕ್ಕಳಾಗಿರಲಿಲ್ಲ. ಒದ್ದೆಯಾದ ಪ್ಲಾಸ್ಟಿಕ್ ಕವರ್‌ನಿಂದ ಫೈಲು ತೆಗೆದು ಮೂರು ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಮೊದಲನೆಯದು ಕ್ಲಮೈಡಿಯಾ ಪಿಸಿಆರ್, ನೆಗೆಟಿವ್. ಎರಡನೆಯದು ಕ್ಲಮೈಡಿಯಾ ಐಜಿಜಿ ಎಲೈಸಾ ಎಂಬ ರಕ್ತಪರೀಕ್ಷೆ, ಪಾಸಿಟಿವ್. ಮೂರನೆಯದು ಎಚ್‌ಎಸ್‌ಜಿ, ಅಂದರೆ ಡೈ ಹಾಕಿ ತೆಗೆಯುವ ಗರ್ಭನಾಳದ ಎಕ್ಸ್‌ರೇ. ಅದರಲ್ಲಿ ಎರಡೂ ಕಡೆ ನಾಳ ಮುಚ್ಚಿ ನೀರು ತುಂಬಿದ ಹಾಗೆ ಕಾಣುತ್ತಿದೆ ಅಂತ ಬರೆದಿತ್ತು. "ಮೇಡಂ, ಇದರಲ್ಲಿ ಇನ್ಫೆಕ್ಷನ್ ಇಲ್ಲ ಅಂತಿದೆ, ಅದರಲ್ಲಿ ಇದೆ ಅಂತಿದೆ. ನಂಗೆ ಇದೆಯೋ ಇಲ್ವೋ?" ಅಂತ ಕೇಳಿದರು. ಹಿಂದೆ ನಿಂತಿದ್ದ ಗಂಡ ನೆಲ ನೋಡುತ್ತಿದ್ದರು.

ಅವರಿಗೆ ಉತ್ತರ ಹೇಳಬೇಕಾದರೆ ಎರಡು ವಿಷಯ ಗೊತ್ತಿರಬೇಕು. ಪರೀಕ್ಷೆ ಎಲ್ಲಿ ಹುಡುಕಿತು? ಯಾವಾಗ ಹುಡುಕಿತು? ಮೊದಲನೆಯದನ್ನು ನನಗೆ ಕಲಿಸಿದ್ದು ಹಲ್ಲಾಂಡ್.

ಮೊದಲು ರೋಗಾಣುವಿನ ಬಗ್ಗೆ ಸ್ವಲ್ಪ. ಕ್ಲಮೈಡಿಯಾ ಟ್ರಕೋಮಾಟಿಸ್ ಒಂದು ಬ್ಯಾಕ್ಟೀರಿಯಾ. ಆದರೆ ಬೇರೆ ಬ್ಯಾಕ್ಟೀರಿಯಾಗಳ ಹಾಗೆ ಲ್ಯಾಬಿನ ತಟ್ಟೆಯಲ್ಲಿ ಬೆಳೆಯುವುದಿಲ್ಲ. ಅದಕ್ಕೆ ಜೀವಂತ ಜೀವಕೋಶವೇ ಬೇಕು. ಕೋಶದ ಒಳಗೆ ನುಗ್ಗಿ, ಎರಡು ಮೂರು ದಿನದಲ್ಲಿ ನೂರಾರು ಆಗಿ, ಕೋಶ ಒಡೆದು ಹೊರಬಂದು ಪಕ್ಕದ ಕೋಶಗಳಿಗೆ ಹೋಗುತ್ತದೆ. ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಹೆಂಗಸರಲ್ಲಿ ಮೊದಲು ಗರ್ಭಕೊರಳಲ್ಲಿ ಕೂರುತ್ತದೆ. ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ಬಿಳಿ ಸೆರಗು ಇಲ್ಲ, ಉರಿ ಇಲ್ಲ, ನೋವೂ ಇಲ್ಲ. ಚಿಕಿತ್ಸೆ ಇಲ್ಲದೆ ಬಿಟ್ಟರೆ ನೂರರಲ್ಲಿ ಸುಮಾರು 10ರಿಂದ 15 ಜನರಲ್ಲಿ ಅದು ಮೇಲಕ್ಕೆ, ಗರ್ಭಕೋಶ ದಾಟಿ ನಾಳಗಳಿಗೆ ಏರುತ್ತದೆ.

ಗರ್ಭನಾಳವನ್ನು ಸುಮ್ನೆ ಒಂದು ಪೈಪ್ ಅಂದುಕೊಳ್ಳಬೇಡಿ. ಹತ್ತು ಹನ್ನೆರಡು ಸೆಂಟಿಮೀಟರ್ ಉದ್ದದ ಆ ನಾಳದ ಒಳಗೋಡೆ ಮಡಿಕೆ ಮಡಿಕೆಯಾಗಿರುತ್ತದೆ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು, ಗಾಳಿಗೆ ಭತ್ತದ ಪೈರು ತೂಗುವ ಹಾಗೆ, ಒಂದೇ ದಿಕ್ಕಿಗೆ ತೂಗುತ್ತಿರುತ್ತವೆ. ಅಂಡ ಗರ್ಭಕೋಶದ ಕಡೆಗೆ ಸಾಗುವುದಕ್ಕೆ ಆ ರೋಮಗಳೂ ಬೇಕು. ಕ್ಲಮೈಡಿಯಾ ಕೂರುವುದು ಇದೇ ಪದರದಲ್ಲಿ. ಅದನ್ನು ಓಡಿಸಲು ದೇಹ ಮಾಡುವ ಹೋರಾಟದಲ್ಲೇ ರೋಮಗಳು ಉದುರುತ್ತವೆ, ಮಡಿಕೆಗಳು ಒಂದಕ್ಕೊಂದು ಅಂಟುತ್ತವೆ, ಗಾಯ ಮಾಗಿ ಕಲೆ ಉಳಿಯುತ್ತದೆ. ಅಂಡಾಶಯದ ಕಡೆ ಇರುವ ಬೆರಳಿನಂಥ ತುದಿಗಳು ಮುಚ್ಚಿಕೊಂಡರೆ ಒಳಗೆ ನೀರು ತುಂಬುತ್ತದೆ. ಪೂರ್ತಿ ಮುಚ್ಚದೆ ಇಕ್ಕಟ್ಟಾದರೂ ಅಪಾಯವೇ. ಗರ್ಭ ನಾಳದಲ್ಲೇ ನಿಂತುಬಿಡಬಹುದು, ಜೀವಕ್ಕೇ ಕುತ್ತು ಬರಬಹುದು.

ಇದನ್ನೆಲ್ಲ ಗಟ್ಟಿಯಾಗಿ ತೋರಿಸಿಕೊಟ್ಟ ಊರುಗಳಲ್ಲಿ ಲುಂಡ್ ಒಂದು. ಅದು ಹಲ್ಲಾಂಡ್‌ಗೆ ತಾಗಿಕೊಂಡೇ ದಕ್ಷಿಣಕ್ಕಿರುವ ಸ್ಕೋನೆ ಪ್ರಾಂತ್ಯದ ವಿಶ್ವವಿದ್ಯಾಲಯದ ಊರು. ಅಲ್ಲಿನ ವೈದ್ಯ ಲಾರ್ಸ್ ವೆಸ್ಟ್ರೋಮ್ ಮತ್ತು ಅವರ ಜೊತೆಯವರು 1960ರಿಂದಲೇ, ಕಿಬ್ಬೊಟ್ಟೆ ನೋವಿನಿಂದ ಬಂದ ಹೆಂಗಸರಲ್ಲಿ ನಾಳದ ಸೋಂಕಿನ ಅನುಮಾನ ಬಂದರೆ ಲ್ಯಾಪರೋಸ್ಕೋಪಿ ಮಾಡಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ದುರ್ಬೀನಿನಂಥ ಕೊಳವೆ ಹಾಕಿ, ಕಣ್ಣಾರೆ ನೋಡುತ್ತಿದ್ದರು. ಊಹೆ ಮಾಡಿ ಮಾತ್ರೆ ಕೊಟ್ಟು ಕಳಿಸುತ್ತಿರಲಿಲ್ಲ. ನೋಡಿದ್ದನ್ನು ಬರೆದಿಟ್ಟು, ಆ ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿದರು. 1977ರಲ್ಲಿ ಪೆರ್-ಆಂಡರ್ಸ್ ಮೋರ್ದ್ ಮತ್ತು ಜೊತೆಗಾರರು ಸೋಂಕಿದ ನಾಳಗಳಿಂದಲೇ ಕ್ಲಮೈಡಿಯಾವನ್ನು ಬೆಳೆಸಿ ತೋರಿಸಿದರು. ಗರ್ಭಕೊರಳಲ್ಲಿ ಸಿಗುವುದು ಬೇರೆ, ಮುಚ್ಚಿದ ಹೊಟ್ಟೆಯೊಳಗಿನ ನಾಳದಲ್ಲಿ ಸಿಗುವುದು ಬೇರೆ. ಆ ವರದಿಯ ನಾಲ್ಕು ಲೇಖಕರಲ್ಲಿ ವೆಸ್ಟ್ರೋಮ್ ಇದ್ದಾರೆ. ಇನ್ನೊಂದು ಹೆಸರು ಟಿ. ರಿಪಾ. ಮೊದಲು ಹೇಳಿದ ಇಳಿಕೆಯ ಬಗ್ಗೆ ಹಾಲ್ಮ್‌ಸ್ಟಾಡ್‌ನಿಂದ 2006ರಲ್ಲಿ ಬಂದ ವರದಿಯಲ್ಲೂ ಅದೇ ಹೆಸರು ಮೊದಲಿಗೆ ಬರುತ್ತದೆ. ಎರಡು ವರದಿಗಳನ್ನೂ ಒಟ್ಟಿಗೆ ಇಟ್ಟು ಓದಿದಾಗ ನನಗೆ ಮೈ ಜುಮ್ ಅಂದಿತ್ತು.

ವೆಸ್ಟ್ರೋಮ್ ಅವರ ದೊಡ್ಡ ಲೆಕ್ಕ 1992ರಲ್ಲಿ ಪ್ರಕಟವಾಯಿತು. 1960ರಿಂದ 1984ರವರೆಗೆ ಲ್ಯಾಪರೋಸ್ಕೋಪಿಯಲ್ಲಿ ನಾಳದ ಸೋಂಕು ಕಂಡ 1,844 ಹೆಂಗಸರು, ಅನುಮಾನದಿಂದ ನೋಡಿದರೂ ಸೋಂಕು ಕಾಣದ 657 ಹೆಂಗಸರು. ಇವರಲ್ಲಿ ಮಕ್ಕಳು ಬೇಕೆಂದು ಪ್ರಯತ್ನಿಸಿದವರನ್ನು ಎಣಿಸಿದರು. ಒಂದೇ ಸಲ ಸೋಂಕಾದವರಲ್ಲಿ ಶೇಕಡಾ 8 ಜನರಿಗೆ ನಾಳದ ತೊಂದರೆಯಿಂದ ಗರ್ಭ ನಿಲ್ಲಲಿಲ್ಲ. ಎರಡು ಸಲ ಆದವರಲ್ಲಿ ಅದು 19.5. ಮೂರು ಅಥವಾ ಅದಕ್ಕಿಂತ ಜಾಸ್ತಿ ಸಲ ಆದವರಲ್ಲಿ 40. ಇದು ಕ್ಲಮೈಡಿಯಾ ಒಂದರದ್ದೇ ಲೆಕ್ಕ ಅಲ್ಲ, ಗೊನೋರಿಯಾದಂಥ ಬೇರೆ ಲೈಂಗಿಕ ಸೋಂಕುಗಳು ಮುಂತಾದವೂ ಸೇರಿವೆ. ಆದರೂ ಆ ಏರಿಕೆ ನೋಡಿ. 8, 19.5, 40. ಮೊದಲ ಸೋಂಕನ್ನು ಬೇಗ ಹಿಡಿದು ಎರಡನೆಯದನ್ನು ತಪ್ಪಿಸುವುದರಲ್ಲಿ ಎಷ್ಟು ಜನರ ತಾಯ್ತನ ಅಡಗಿದೆ ಅಲ್ವಾ? ಇದೇ ಲುಂಡ್‌ನ ದಾಖಲೆಗಳಿಂದ ಇನ್ನೊಂದು ವಿಷಯವೂ ಹೊರಬಂತು. ನೋವು ಶುರುವಾದ ಮೇಲೆ ಆಸ್ಪತ್ರೆಗೆ ತಡವಾಗಿ ಬಂದವರಲ್ಲಿ ಮುಂದೆ ಗರ್ಭ ನಿಲ್ಲುವ ತೊಂದರೆ ಸುಮಾರು ಮೂರು ಪಟ್ಟು ಜಾಸ್ತಿ ಇತ್ತು. ತಡ ಅಂದರೆ ತಿಂಗಳುಗಳಲ್ಲ, ಮೂರು ದಿನ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕ್ಲಮೈಡಿಯಾ ಬಂದವರಿಗೆಲ್ಲ ಮಕ್ಕಳಾಗುವುದಿಲ್ಲ ಅಂತ ಖಂಡಿತ ಅಲ್ಲ. ಹೆಚ್ಚಿನವರಿಗೆ ಆಗುತ್ತವೆ. ಹಾಗೇ, 'ಬಂಜೆ' ಅನ್ನುವ ಪದ ನನಗೆ ಕಿವಿಗೆ ಬಿದ್ದರೂ ಸಂಕಟವಾಗುತ್ತದೆ. ಒಂದು ಸೋಂಕು ಬಿಟ್ಟು ಹೋದ ಕಲೆಯನ್ನು ಹೆಣ್ಣಿನ ಗುಣದ ಹಾಗೆ ಹೇಳುವ ಪದ ಅದು. ಈ ಬರಹದಲ್ಲಿ ಅದನ್ನು ಇನ್ನು ಬಳಸುವುದಿಲ್ಲ.

ಈಗ ಪರೀಕ್ಷೆಯ ವಿಷಯ. ಹಿಂದೆ ಕ್ಲಮೈಡಿಯಾ ಹಿಡಿಯಲು ಜೀವಕೋಶಗಳಲ್ಲಿ ಬೆಳೆಸಬೇಕಿತ್ತು. ದಿನಗಟ್ಟಲೆ ಕೆಲಸ. ಸ್ಯಾಂಪಲ್ ಸಾಗಿಸುವಾಗ ಬ್ಯಾಕ್ಟೀರಿಯಾ ಸತ್ತರೆ ಎಲ್ಲ ವ್ಯರ್ಥ. 1990ರ ದಶಕದಲ್ಲಿ ಪಿಸಿಆರ್ ತರಹದ ಪರೀಕ್ಷೆಗಳು ಬಂದವು. ಇವು ಬ್ಯಾಕ್ಟೀರಿಯಾವನ್ನು ಬೆಳೆಸುವುದಿಲ್ಲ. ಅದರ ಡಿಎನ್‌ಎಯ ಒಂದು ಸಣ್ಣ ತುಂಡನ್ನು ಹುಡುಕಿ, ಕೋಟಿಗಟ್ಟಲೆ ಪ್ರತಿ ಮಾಡುತ್ತವೆ. ತುಂಡು ಸಿಕ್ಕಿದರೆ ಪರದೆಯ ಮೇಲೆ ಗೆರೆ ಮೇಲೇಳುತ್ತದೆ. ಸಿಗದಿದ್ದರೆ ಗೆರೆ ಮಲಗಿರುತ್ತದೆ.

ಯಾವ ತುಂಡನ್ನು ಹುಡುಕಬೇಕು? ಕ್ಲಮೈಡಿಯಾ ಒಳಗೆ ಮುಖ್ಯ ಕ್ರೋಮೋಸೋಮ್ ಬಿಟ್ಟು ಪ್ಲಾಸ್ಮಿಡ್ ಅಂತ ಒಂದು ಪುಟ್ಟ ಉಂಗುರ ಇರುತ್ತದೆ. ಸುಮಾರು 7,500 ಅಕ್ಷರಗಳ ಡಿಎನ್‌ಎ. ಕ್ರೋಮೋಸೋಮ್ ಒಂದಿದ್ದರೆ ಪ್ಲಾಸ್ಮಿಡ್ ಹಲವು ಪ್ರತಿ ಇರುತ್ತವೆ. ಜಾಸ್ತಿ ಇರುವುದನ್ನು ಹುಡುಕಿದರೆ ಬೇಗ ಸಿಗುತ್ತದೆ. ಒಳ್ಳೆಯ ಯೋಚನೆಯೇ. ಹಾಗಾಗಿ ಅಬಾಟ್ ಮತ್ತು ರೋಶ್ ಎರಡೂ ಕಂಪನಿಗಳ ಕಿಟ್‌ಗಳು ಪ್ಲಾಸ್ಮಿಡ್ ಮೇಲೇ ಗುರಿ ಇಟ್ಟಿದ್ದವು. ಅದೂ ಪ್ಲಾಸ್ಮಿಡ್‌ನ ಒಂದೇ ಭಾಗದ ಮೇಲೆ.

ನಮ್ಮ ಕಡೆ ಹಳ್ಳಿಗೆ ಹೊಸಬರು ಬರುವಾಗ ಮನೆಗೆ ಹೇಗೆ ಗುರುತು ಹೇಳುತ್ತೇವೆ? "ಮುಂದೆ ದೊಡ್ಡ ಹಲಸಿನ ಮರ ಇದೆ, ಅದೇ ಮನೆ." ವರ್ಷಗಟ್ಟಲೆ ಎಲ್ಲರೂ ಅದೇ ಗುರುತು ಹಿಡಿದು ಬರುತ್ತಾರೆ. ಒಂದು ದಿನ ಮನೆಯವರು ಮರ ಕಡಿಸುತ್ತಾರೆ. ಮನೆ ಅಲ್ಲೇ ಇದೆ, ಒಳಗೆ ಜನ ಇದ್ದಾರೆ, ಒಲೆ ಉರಿಯುತ್ತಿದೆ. ಬಂದವರು ಮಾತ್ರ "ಅಂಥ ಮನೆ ಈ ಊರಲ್ಲಿ ಇಲ್ಲ" ಅಂತ ವಾಪಸ್ ಹೋಗುತ್ತಾರೆ. ಹಲ್ಲಾಂಡ್‌ನಲ್ಲಿ ಆಗಿದ್ದು ಇದೇ.

ರಿಪಾ ಮತ್ತು ನಿಲ್ಸನ್ ಬೇರೆ ಗುರಿ ಇರುವ ಪರೀಕ್ಷೆಯನ್ನು ಪಕ್ಕದಲ್ಲಿಟ್ಟು ನೋಡಿದಾಗ, ತಮ್ಮ ಯಂತ್ರ ನೆಗೆಟಿವ್ ಅಂದ ಸ್ಯಾಂಪಲ್‌ಗಳಲ್ಲಿ ಕ್ಲಮೈಡಿಯಾ ಇರುವುದು ಗೊತ್ತಾಯಿತು. ಆ ಬ್ಯಾಕ್ಟೀರಿಯಾದ ಪ್ಲಾಸ್ಮಿಡ್ ಓದಿದರು. 377 ಅಕ್ಷರಗಳ ಒಂದು ತುಂಡು ಕಾಣೆಯಾಗಿತ್ತು. ಎರಡೂ ಕಂಪನಿಗಳ ಗುರಿ ಇದ್ದದ್ದು ಸರಿಯಾಗಿ ಆ ತುಂಡಿನಲ್ಲೇ. 2006ರ ನವೆಂಬರ್‌ನಲ್ಲಿ ಯೂರೋಸರ್ವೈಲೆನ್ಸ್ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ತಮ್ಮ ಪ್ರಾಂತ್ಯದಲ್ಲಿ ಸಿಕ್ಕ ಕ್ಲಮೈಡಿಯಾದಲ್ಲಿ ಶೇಕಡಾ 13ರಷ್ಟು ಈ ಹೊಸ ತಳಿಯದ್ದು ಅಂತ ಮೊದಲ ಲೆಕ್ಕ ಕೊಟ್ಟರು.

ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡುವ ಭಾಗ ಇದು. ಇಂಥ ಯಂತ್ರಗಳಲ್ಲಿ ತಪ್ಪು ಹಿಡಿಯುವ ಕಾವಲು ಇರುತ್ತದೆ. ಪ್ರತಿ ಸ್ಯಾಂಪಲ್ ಜೊತೆ ಒಂದು ಇಂಟರ್ನಲ್ ಕಂಟ್ರೋಲ್ ಓಡುತ್ತದೆ. ನಮ್ಮ ಪರದೆಯಲ್ಲಿ ಅದು ಬೇರೆ ಬಣ್ಣದ ಗೆರೆ. ಸ್ಯಾಂಪಲ್‌ನಲ್ಲಿ ರಕ್ತ, ಲೋಳೆ ಏನಾದರೂ ಸೇರಿ ಪರೀಕ್ಷೆ ಕೆಟ್ಟಿದ್ದರೆ ಆ ಗೆರೆ ಏಳುವುದಿಲ್ಲ. ಆಗ ಯಂತ್ರವೇ "ಇದನ್ನು ನಂಬಬೇಡ, ಮತ್ತೆ ಮಾಡು" ಅನ್ನುತ್ತದೆ. ಇದಲ್ಲದೆ ಪ್ರತಿ ರನ್‌ನಲ್ಲೂ ಒಂದು ಪಾಸಿಟಿವ್ ಕಂಟ್ರೋಲ್, ಅಂದರೆ ಪಾಸಿಟಿವ್ ಬರಲೇಬೇಕು ಅಂತ ಮೊದಲೇ ಗೊತ್ತಿರುವ ಸ್ಯಾಂಪಲ್, ಇರುತ್ತದೆ. ಹೊಸ ತಳಿಯ ಮುಂದೆ ಈ ಎರಡೂ ಕಾವಲಿನಿಂದ ಉಪಯೋಗ ಇಲ್ಲ. ಇಂಟರ್ನಲ್ ಕಂಟ್ರೋಲ್ ಗೆರೆ ಚೆನ್ನಾಗಿ ಏಳುತ್ತದೆ, ಯಾಕೆಂದರೆ ಸ್ಯಾಂಪಲ್ ಶುದ್ಧವಾಗಿದೆ. ಪಾಸಿಟಿವ್ ಕಂಟ್ರೋಲ್ ಗೆರೆಯೂ ಏಳುತ್ತದೆ, ಯಾಕೆಂದರೆ ಅದರಲ್ಲಿರುವುದು ಹಳೆಯ ಗುರುತೇ. ಸ್ಯಾಂಪಲ್ ಗೆರೆ ಮಾತ್ರ ಸಮತಟ್ಟಾಗಿ ಮಲಗಿರುತ್ತದೆ. ಎಲ್ಲ ಸರಿ ಇದೆ, ನೆಗೆಟಿವ್, ಸಹಿ ಮಾಡಿ ಕಳಿಸು. ನಾನಿದ್ದರೂ ಸಹಿ ಮಾಡುತ್ತಿದ್ದೆ. ಯಂತ್ರದ ಮುಂದೆ ಕೂತವರಿಗೆ ಕಾಣುವ ತಪ್ಪು ಅಲ್ಲವೇ ಅಲ್ಲ. ತಿಂಗಳ ಲೆಕ್ಕ ನೋಡಿದವರಿಗೆ ಮಾತ್ರ ಕಾಣುತ್ತದೆ.

ಸುದ್ದಿ ಹೊರಬಿದ್ದ ಮೇಲೆ ಸ್ವೀಡನ್ನಿನ ಬೇರೆ ಪ್ರಾಂತ್ಯಗಳಲ್ಲೂ ಹುಡುಕಿದರು. ಅಲ್ಲಿ ಎಲ್ಲ ಪ್ರಾಂತ್ಯಗಳಲ್ಲೂ ಒಂದೇ ಯಂತ್ರ ಇರಲಿಲ್ಲ. ಕೆಲವು ಕಡೆ ಅಬಾಟ್ ಅಥವಾ ರೋಶ್, ಉಳಿದ ಕಡೆ ಬಿ.ಡಿ. (ಬೆಕ್ಟನ್ ಡಿಕಿನ್ಸನ್) ಕಂಪನಿಯ ಪ್ರೋಬ್‌ಟೆಕ್. ಪ್ರೋಬ್‌ಟೆಕ್ ಕೂಡ ಪ್ಲಾಸ್ಮಿಡ್ಡನ್ನೇ ಹುಡುಕುತ್ತದೆ, ಆದರೆ ಬೇರೆ ಭಾಗದಲ್ಲಿ. ಹಾಗಾಗಿ ಅದಕ್ಕೆ ಹೊಸ ತಳಿಯೂ ಕಾಣುತ್ತಿತ್ತು. 2007ರ ಲೆಕ್ಕ ಹೀಗಿತ್ತು: ಅಬಾಟ್, ರೋಶ್ ಬಳಸಿದ್ದ ಪ್ರಾಂತ್ಯಗಳಲ್ಲಿ ಕ್ಲಮೈಡಿಯಾ ಕೇಸುಗಳ ಶೇಕಡಾ 20ರಿಂದ 65ರಷ್ಟು ಹೊಸ ತಳಿ. ಬಿ.ಡಿ. ಬಳಸಿದ್ದ ಪ್ರಾಂತ್ಯಗಳಲ್ಲಿ 7ರಿಂದ 19.

ಅದೇ ದೇಶ, ಅದೇ ಜನ, ಅದೇ ಬ್ಯಾಕ್ಟೀರಿಯಾ. ವ್ಯತ್ಯಾಸ ಇದ್ದದ್ದು ಲ್ಯಾಬಿನ ಮೇಜಿನ ಮೇಲಿನ ಯಂತ್ರದಲ್ಲಿ. ಹೊಸ ತಳಿ ಬೇರೆಯವುಗಳಿಗಿಂತ ಬಲಶಾಲಿಯಾಗಿದ್ದರಿಂದ ಹರಡಿದ್ದಲ್ಲ. ಪರೀಕ್ಷೆ ಹಳೆಯ ತಳಿಗಳನ್ನು ಹಿಡಿದು ಔಷಧಿ ಕೊಡಿಸುತ್ತಿತ್ತು, ಇದನ್ನು ಬಿಟ್ಟುಬಿಡುತ್ತಿತ್ತು. ಕಳೆ ಕೀಳುವಾಗ ಭತ್ತದಂತೆಯೇ ಕಾಣುವ ಕಳೆ ಉಳಿದುಕೊಂಡು ಗದ್ದೆ ತುಂಬುತ್ತದಲ್ಲ, ಹಾಗೆ. ಇಡೀ ದೇಶದಲ್ಲಿ 2006ರಲ್ಲಿ ಸುಮಾರು 32 ಸಾವಿರ ಕೇಸು ದಾಖಲಾಗಿದ್ದವು. ಪರೀಕ್ಷೆ ಬದಲಾಯಿಸಿದ ಮೇಲೆ 2007ರಲ್ಲಿ ಅದು ಸುಮಾರು 47 ಸಾವಿರಕ್ಕೆ ಏರಿತು.

ಇದು ಆಗಿದ್ದು ಎಲ್ಲಿ ಅನ್ನುವುದನ್ನೂ ನೆನಪಿಡಬೇಕು. ಸ್ವೀಡನ್ನಿನಲ್ಲಿ 1988ರಿಂದಲೇ ಕ್ಲಮೈಡಿಯಾವನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗವಾಗಿ ಕಾನೂನಿನಲ್ಲಿ ಸೇರಿಸಿದ್ದಾರೆ. ಪರೀಕ್ಷೆ ಉಚಿತ, ಔಷಧಿ ಉಚಿತ. ಸೋಂಕು ಕಂಡರೆ ಸಂಗಾತಿಗಳನ್ನು ಹುಡುಕಿ ಕರೆಸಿ ಪರೀಕ್ಷಿಸುವುದು ಕಡ್ಡಾಯ. ಹದಿಹರೆಯದವರು ಸಂಕೋಚವಿಲ್ಲದೆ ಹೋಗಲು ಅಂತಲೇ ಯುವಜನರ ಕ್ಲಿನಿಕ್‌ಗಳಿವೆ. ಇಷ್ಟೆಲ್ಲ ವ್ಯವಸ್ಥೆಯನ್ನು ಮುಂದಕ್ಕೆ ತಳ್ಳುವ ಕೀಲಿ ಒಂದೇ ಪದ, ಪಾಸಿಟಿವ್. ರಿಪೋರ್ಟಿನಲ್ಲಿ ಆ ಪದ ಬರದಿದ್ದರೆ ಏನೂ ಶುರುವಾಗುವುದಿಲ್ಲ. ಇಪ್ಪತ್ತರ ಹುಡುಗಿಯೊಬ್ಬಳು ಜವಾಬ್ದಾರಿಯಿಂದ ಪರೀಕ್ಷೆಗೆ ಬರುತ್ತಾಳೆ ಅಂದುಕೊಳ್ಳಿ. ನೆಗೆಟಿವ್ ಅನ್ನುತ್ತಾರೆ. ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾಳೆ. ಪರೀಕ್ಷೆಯನ್ನೇ ಮಾಡಿಸದವಳಿಗೆ ಕನಿಷ್ಠ ಅನುಮಾನವಾದರೂ ಇರುತ್ತದೆ, ಇವಳಿಗೆ ಅದೂ ಇಲ್ಲ. ನಾಳಕ್ಕೆ ಪೆಟ್ಟಾಗಿದ್ದರೆ ಅದು ಗೊತ್ತಾಗುವುದು ಹತ್ತು ವರ್ಷದ ಮೇಲೆ, ಮಗು ಬೇಕು ಅನ್ನಿಸಿದಾಗ. ಆ ಹೊತ್ತಿಗೆ ಹಳೆಯ ನೆಗೆಟಿವ್ ರಿಪೋರ್ಟನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ.

ಕಂಪನಿಗಳು ಕಿಟ್‌ಗಳನ್ನು ಬದಲಾಯಿಸಿದವು. ಒಂದು ಗುರುತಿನ ಬದಲು ಎರಡು. ಅಬಾಟ್ ಪ್ಲಾಸ್ಮಿಡ್‌ನಲ್ಲೇ ಇನ್ನೊಂದು ಜಾಗ ಸೇರಿಸಿತು. ರೋಶ್ ಪ್ಲಾಸ್ಮಿಡ್ ಜೊತೆಗೆ ಕ್ರೋಮೋಸೋಮ್‌ನಲ್ಲಿರುವ ಓಎಂಪಿ-ಎ ಜೀನ್ ಸೇರಿಸಿತು. ಮರ ಕಡಿದರೂ ಮನೆಯ ಹೆಂಚಿನ ಬಣ್ಣದಿಂದ ಗುರುತು ಸಿಗಬೇಕು ಅಂತ. ಆಮೇಲೆ ಹೊಸ ತಳಿಯ ಪಾಲು ಇಳಿಯುತ್ತಾ ಬಂತು. ಪ್ರಾಂತ್ಯ ಪ್ರಾಂತ್ಯಗಳ ನಡುವಿನ ವ್ಯತ್ಯಾಸವೂ ಕಮ್ಮಿಯಾಯಿತು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆವು. 2019ರಲ್ಲಿ ಪಕ್ಕದ ಫಿನ್‌ಲೆಂಡ್‌ನಲ್ಲಿ ಇನ್ನೊಂದು ಯಂತ್ರಕ್ಕೆ ಹೀಗೇ ಆಯಿತು. ಈ ಸಲ ಆಪ್ಟಿಮಾ ಕಾಂಬೊ 2 ಎಂಬ ಪರೀಕ್ಷೆ. ಅದು ಪ್ಲಾಸ್ಮಿಡ್ ಬಿಟ್ಟು 23ಎಸ್ ರೈಬೋಸೋಮಲ್ ಆರ್‌ಎನ್‌ಎ ಹುಡುಕುತ್ತದೆ. ಅಲ್ಲಿ 377 ಅಕ್ಷರ ಹೋಗಿರಲಿಲ್ಲ. ಒಂದೇ ಒಂದು ಅಕ್ಷರ ಬದಲಾಗಿತ್ತು, ಅಷ್ಟೇ ಸಾಕಾಯಿತು.

ಈಗ ನಮ್ಮ ಕೌಂಟರ್‌ಗೆ ವಾಪಸ್ ಬರುತ್ತೇನೆ. ಆಕೆಯ ಪಿಸಿಆರ್ ನೆಗೆಟಿವ್ ರಿಪೋರ್ಟ್ ಬೇರೆ ಲ್ಯಾಬಿನದು. ಅದರಲ್ಲಿ ಯಾವ ಕಿಟ್, ಯಾವ ಗುರಿ ಅಂತ ಬರೆದಿರಲಿಲ್ಲ. ಸ್ವೀಡನ್ನಿನ ಆ ತಳಿ ಹೆಚ್ಚಾಗಿ ಕಂಡಿದ್ದು ಅಲ್ಲೇ, ಸುತ್ತಲಿನ ದೇಶಗಳಲ್ಲಿ ಅಲ್ಲೊಂದು ಇಲ್ಲೊಂದು. ಆಕೆಗೂ ಅದೇ ಆಗಿರಬಹುದು ಅಂತ ನಾನು ಅಂದುಕೊಳ್ಳಲಿಲ್ಲ. ಆದರೆ ಎಲ್ಲಿ ಹುಡುಕಿದರು ಅನ್ನುವ ಪ್ರಶ್ನೆಗೆ ಉತ್ತರ ಬೇಕಿತ್ತು. ಆಕೆಯ ಡಾಕ್ಟರ್ ಜೊತೆ ಮಾತಾಡಿ, ಎರಡು ಗುರಿ ಇರುವ ಕಿಟ್‌ನಲ್ಲಿ ಇಬ್ಬರದ್ದೂ ಮತ್ತೆ ಮಾಡೋಣ ಅಂದೆವು. ಆಕೆಯದು ಯೋನಿಯ ಸ್ವಾಬ್. ಅದನ್ನು ಆಕೆಯೇ ಬಾತ್‌ರೂಮಿಗೆ ಹೋಗಿ ತೆಗೆದುಕೊಂಡು ಬಂದರು. ಇದು ಹಲವರಿಗೆ ಗೊತ್ತಿಲ್ಲ. ಡಾಕ್ಟರ್ ಗರ್ಭಕೊರಳಿನಿಂದ ತೆಗೆದ ಸ್ವಾಬ್‌ನಷ್ಟೇ ಚೆನ್ನಾಗಿ ಇದೂ ಕೆಲಸ ಮಾಡುತ್ತದೆ. ಪರೀಕ್ಷೆಯ ಟೇಬಲ್ ಮೇಲೆ ಮಲಗುವ ಸಂಕೋಚದಿಂದ ಎಷ್ಟೋ ಜನ ಹಿಂದೇಟು ಹಾಕುತ್ತಾರೆ, ಅವರಿಗೆಲ್ಲ ಇದನ್ನು ಹೇಳಬೇಕು. ಗಂಡನದು ಮೂತ್ರ, ಅದೂ ಮೊದಲು ಬರುವ 20-30 ಎಂಎಲ್. "ಮಧ್ಯದ್ದು ಹಿಡೀಬೇಕಲ್ವಾ ಮೇಡಂ?" ಅಂತ ಅವರು ಕೇಳಿದರು. ಅದು ಯೂರಿನ್ ಕಲ್ಚರ್‌ಗೆ. ಕ್ಲಮೈಡಿಯಾಗೆ ಮೊದಲ ಧಾರೆಯೇ ಬೇಕು, ಮೂತ್ರನಾಳದ ಗೋಡೆಯಿಂದ ಕೋಶಗಳನ್ನು ತೊಳೆದು ತರುವುದು ಅದೇ.

ಎರಡೂ ನೆಗೆಟಿವ್ ಬಂದವು. ಗೆರೆಗಳನ್ನು ನಾನೇ ಕೂತು ನೋಡಿದೆ.

ಹಾಗಾದರೆ ಐಜಿಜಿ ಪಾಸಿಟಿವ್ ಯಾಕೆ? ಇಲ್ಲಿ ಬರುವುದು ಎರಡನೇ ಪ್ರಶ್ನೆ, ಯಾವಾಗ. ಪಿಸಿಆರ್ ಹುಡುಕುವುದು ಇವತ್ತು ಆ ಜಾಗದಲ್ಲಿ ಇರುವ ಬ್ಯಾಕ್ಟೀರಿಯಾವನ್ನು. ಎಲೈಸಾ ಹುಡುಕುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ದೇಹ ಮಾಡಿಟ್ಟುಕೊಂಡ ಪ್ರತಿಕಾಯಗಳನ್ನು. ಕಳ್ಳ ಬಂದು ಹೋದ ಮೇಲೂ ಊರಿನವರು ವರ್ಷಗಟ್ಟಲೆ ಬಾಗಿಲಿಗೆ ಎರಡು ಚಿಲಕ ಹಾಕುತ್ತಾರೆ. ಐಜಿಜಿ ಆ ಎರಡನೇ ಚಿಲಕ. ಯಾವಾಗ ಬಂದಿತ್ತು, ಯಾರಿಂದ ಬಂದಿತ್ತು, ಈಗಲೂ ಇದೆಯಾ ಅನ್ನುವುದನ್ನು ಅದು ಹೇಳಲಾರದು. ಕೆಲವು ಕಿಟ್‌ಗಳಲ್ಲಿ ಕ್ಲಮೈಡಿಯಾ ನ್ಯುಮೋನಿಯೇ ಎಂಬ ಅದರ ದಾಯಾದಿ ಬ್ಯಾಕ್ಟೀರಿಯಾದಿಂದಲೂ ಪಾಸಿಟಿವ್ ಬರಬಹುದು. ಅದು ಕೆಮ್ಮು, ಗಂಟಲು ನೋವು ತರುವ ಮಾಮೂಲಿ ರೋಗಾಣು. ಹಾಗಂತ ಐಜಿಜಿ ವ್ಯರ್ಥ ಅಲ್ಲ. ಮಕ್ಕಳಾಗದೆ ಬಂದವರಲ್ಲಿ ಅದು ಪಾಸಿಟಿವ್ ಇದ್ದರೆ ನಾಳ ನೋಡುವುದನ್ನು ಮುಂದೂಡಬೇಡಿ ಅಂತ ಅದು ಹೇಳುತ್ತದೆ. ಐಜಿಎಂ ಎಂಬ ಇನ್ನೊಂದು ಬಗೆಯ ಪ್ರತಿಕಾಯದ ಪರೀಕ್ಷೆ ಮಾತ್ರ ಈ ವಿಷಯದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ, ಆದರೂ ನಮ್ಮ ಕಡೆ ಅದನ್ನು ಬರೆದುಕೊಡುವುದು ಇನ್ನೂ ನಿಂತಿಲ್ಲ.

ಐಜಿಜಿ ಪಾಸಿಟಿವ್ ಹಾಳೆ ಹಿಡಿದು ಮನೆಯಲ್ಲಿ ಜಗಳವಾಗುವುದನ್ನು ನಾನು ನೋಡಿದ್ದೇನೆ. "ಯಾರಿಂದ ಬಂತು?" ಅನ್ನುವ ಪ್ರಶ್ನೆ ಮೊದಲು ಬೀಳುವುದು ಹೆಂಡತಿಯ ಮೇಲೇ. ಆ ಹಾಳೆಗೆ ಉತ್ತರ ಹೇಳುವ ಶಕ್ತಿ ಇಲ್ಲ. ಅದನ್ನು ಕೌಂಟರ್‌ನಲ್ಲೇ, ಇಬ್ಬರನ್ನೂ ಕೂರಿಸಿ, ಸ್ಪಷ್ಟವಾಗಿ ಹೇಳಬೇಕು. ಆ ದಿನ ಹೇಳಿದೆ. ಗಂಡ ತಲೆ ಎತ್ತಿ ನೋಡಿದ್ದು ಆಗಲೇ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಸ್ವೀಡನ್ನಿನಲ್ಲಿ ನಾಳ ಮುಚ್ಚಿದ್ದರೆ ಮೊದಲು ಕ್ಲಮೈಡಿಯಾ ನೆನಪಾಗಬಹುದು. ಭಾರತದಲ್ಲಿ ಜನನಾಂಗದ ಕ್ಷಯವನ್ನೂ ಅಷ್ಟೇ ಗಂಭೀರವಾಗಿ ನೋಡಬೇಕು. ಐಜಿಜಿ ಪಾಸಿಟಿವ್ ಇದೆ ಅಂತ ಟಿಬಿಯನ್ನು ಬಿಟ್ಟರೆ ಅದು ದೊಡ್ಡ ತಪ್ಪು. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಲಕ್ಷಣ ನೋಡಿ ಚಿಕಿತ್ಸೆ ಕೊಡುವ ಪದ್ಧತಿ ಇದೆ. ಗರ್ಭಕೊರಳಿನಿಂದ ಸ್ರಾವ ಇದ್ದರೆ ಗ್ರೇ ಕಿಟ್, ಅಂದರೆ ಅಜಿಥ್ರೋಮೈಸಿನ್ 1 ಗ್ರಾಂ ಮತ್ತು ಸೆಫಿಕ್ಸಿಮ್ 400 ಮಿಲಿಗ್ರಾಂ. ಕಿಬ್ಬೊಟ್ಟೆ ನೋವಿದ್ದರೆ ಹಳದಿ ಕಿಟ್. ಲ್ಯಾಬ್ ಇಲ್ಲದ ಊರಲ್ಲಿ ಇದು ಎಷ್ಟೋ ಜನರನ್ನು ಉಳಿಸಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಲಕ್ಷಣವೇ ಇಲ್ಲದ ಹೆಂಗಸಿಗೆ ಯಾವ ಬಣ್ಣದ ಕಿಟ್ಟೂ ಸಿಗುವುದಿಲ್ಲ. ಕ್ಲಮೈಡಿಯಾದಲ್ಲಿ ಹೆಚ್ಚಿನವರು ಅವರೇ. ನಮ್ಮ ಜಿಲ್ಲೆಗಳಲ್ಲಿ ಕಡಿಮೆ ಖರ್ಚಿನ ಪಿಸಿಆರ್ ಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಕೋವಿಡ್ ಕಾಲದಲ್ಲಿ ಬಂದ ಯಂತ್ರಗಳು, ಕೈ ಪಳಗಿದ ಹುಡುಗ ಹುಡುಗಿಯರು ಇದ್ದಾರೆ.

ಆಕೆಗೆ ಲ್ಯಾಪರೋಸ್ಕೋಪಿ ಆಯಿತು. ಎರಡೂ ನಾಳಗಳು ನೀರು ತುಂಬಿ ಊದಿಕೊಂಡಿದ್ದವು. ಯಕೃತ್ತಿನ ಮೇಲ್ಭಾಗದಿಂದ ಹೊಟ್ಟೆಯ ಗೋಡೆಗೆ ತೆಳ್ಳಗಿನ ಅಂಟುಗಳು, ವೀಣೆಯ ತಂತಿಗಳ ಹಾಗೆ, ಸಾಲಾಗಿ ಎಳೆದುಕೊಂಡಿದ್ದವು. ಕ್ಲಮೈಡಿಯಾ ಅಥವಾ ಗೊನೋರಿಯಾ ಹಿಂದೊಮ್ಮೆ ನಾಳ ದಾಟಿ ಹೊಟ್ಟೆಯವರೆಗೆ ಹರಡಿತ್ತು ಅನ್ನುವುದಕ್ಕೆ ಇದು ಹೆಸರಾದ ಗುರುತು. ಟಿಬಿಗೆ ಕಳಿಸಿದ ತುಣುಕುಗಳಲ್ಲಿ ಏನೂ ಸಿಗಲಿಲ್ಲ. ಆಗ ಆಕೆಗೆ ನೆನಪಾಯಿತು. ಮದುವೆಯಾದ ಮೊದಲ ವರ್ಷ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಬಂದು, ಗ್ಯಾಸ್ಟ್ರಿಕ್ ಅಂತ ಮಾತ್ರೆ ತಗೊಂಡು ಸುಮ್ಮನಾಗಿದ್ದರಂತೆ.

ಅಂಥ ನಾಳಗಳನ್ನು ಹಾಗೇ ಬಿಟ್ಟು ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಮಾಡಿದರೆ ಗರ್ಭ ನಿಲ್ಲುವ ಸಾಧ್ಯತೆ ಕಮ್ಮಿ. ನಾಳದ ನೀರು ಗರ್ಭಕೋಶಕ್ಕೆ ಹಿಂದಿರುಗಿ ಭ್ರೂಣ ಕೂರಲು ಅಡ್ಡಿಯಾಗುತ್ತದೆ. ಮೊದಲೇ ನಾಳ ತೆಗೆದರೆ ಫಲ ಹೆಚ್ಚು ಅಂತ ತೋರಿಸಿದ 1999ರ ಅಧ್ಯಯನವೂ ಸ್ಕ್ಯಾಂಡಿನೇವಿಯಾದ್ದೇ. ಅದನ್ನು ನಡೆಸಿದ ಆನಿಕಾ ಸ್ಟ್ರಾಂಡೆಲ್ ಅವರ ಊರು ಗೋಥೆನ್‌ಬರ್ಗ್, ಹಲ್ಲಾಂಡ್‌ನಿಂದ ಉತ್ತರಕ್ಕೆ. ಆಕೆಯ ಡಾಕ್ಟರ್ ಇದನ್ನು ವಿವರಿಸಿ ಒಪ್ಪಿಗೆ ಕೇಳಿದರು. ನಾಳ ತೆಗೆಸುವುದು ಅಂದರೆ ಸಹಜವಾಗಿ ಗರ್ಭ ನಿಲ್ಲುವ ದಾರಿಯನ್ನೇ ಮುಚ್ಚಿದ ಹಾಗೆ. ಆಕೆ ಎರಡು ವಾರ ಯೋಚನೆ ಮಾಡಿ ಒಪ್ಪಿದರು.

ಆಪರೇಷನ್‌ಗೆ ಮುಂಚೆ ಒಂದು ಸಲ ಲ್ಯಾಬಿಗೆ ಬಂದಿದ್ದರು. ಅದೇ ಪ್ಲಾಸ್ಟಿಕ್ ಕವರ್, ಅದೇ ಹಾಳೆಗಳು. "ಹಂಗಾದ್ರೆ ಮೇಡಂ, ಇವೆರಡೂ ನಿಜಾನೇ ಹೇಳಿದ್ವು ಅಲ್ವಾ?" ಅಂದರು. ಹೌದಮ್ಮ ಅಂದೆ. ಒಂದು ಇವತ್ತಿನದು ಹೇಳಿತು, ಇನ್ನೊಂದು ಹಿಂದೆ ಎಂದೋ ಆಗಿದ್ದನ್ನು.

ಆಮೇಲೆ ನಮ್ಮ ಲ್ಯಾಬಿನಲ್ಲಿ ಎರಡು ಬದಲಾವಣೆ ಮಾಡಿದೆವು. ಕ್ಲಮೈಡಿಯಾ ರಿಪೋರ್ಟಿನ ಕೆಳಗೆ ಈಗ ಮೂರು ಸಾಲು ಅಚ್ಚಾಗುತ್ತದೆ. ಯಾವ ಸ್ಯಾಂಪಲ್, ಯಾವ ಗುರಿಗಳು, ಮತ್ತು ಕನ್ನಡದಲ್ಲೇ "ಈ ಪರೀಕ್ಷೆ ಹಳೆಯ ಸೋಂಕಿನಿಂದ ನಾಳಕ್ಕೆ ಆಗಿರಬಹುದಾದ ತೊಂದರೆಯನ್ನು ತೋರಿಸುವುದಿಲ್ಲ" ಅಂತ. ಇನ್ನೊಂದು, ರೀಏಜೆಂಟ್ ಫ್ರಿಜ್‌ನ ಬಾಗಿಲಿಗೆ ಒಂದು ಗ್ರಾಫ್ ಹಾಳೆ ಅಂಟಿಸಿದ್ದೇವೆ. ತಿಂಗಳ ಕೊನೆಯ ದಿನ, ಮಾಡಿದ ಪರೀಕ್ಷೆಗಳಲ್ಲಿ ನೂರಕ್ಕೆ ಎಷ್ಟು ಪಾಸಿಟಿವ್ ಬಂತು ಅಂತ ಒಂದು ಚುಕ್ಕಿ ಇಡಬೇಕು. ಚುಕ್ಕಿ ಏರಿದರೂ ಕೇಳಬೇಕು, ಇಳಿದರೂ ಕೇಳಬೇಕು. ಈ ತಿಂಗಳು ಚುಕ್ಕಿ ಇಡುವ ಸರದಿ ಹೊಸದಾಗಿ ಸೇರಿದ ಹುಡುಗಿಯದು.